ಸಾವ್ಕಾರ ಸಲೀಸಾಗಿ ಸತ್ತ ಭಾನುವಾರ

ನನಗೊಂದು ಚಾಳಿ ಇದೆ. ಬೆಳಿಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗಿ, ಒಂದು ತಂಬಿಗೆ ನೀರು ಕುಡಿದು, ತಂಬಿಗೆ ಕೆಳಗಿಟ್ಟ ಕೂಡಲೇ ಎರಡೂ ಮೊಳಕೈ ಮಡಚಿ, ಮುಷ್ಟಿ ಬಿಗಿದು, ಗರಡಿಮನೆಯ ಪೈಲ್ವಾನರ ಹಾಗೆ ಒಂದು ಕ್ಷಣ ನಿಂತುಬಿಡುತ್ತೇನೆ. ಬೇಕೆಂದು ಮಾಡುವುದಲ್ಲ, ಕೈ ತಾನಾಗಿಯೇ ಮಡಚಿಕೊಳ್ಳುತ್ತದೆ. ಮದುವೆಯಾಗಿ ಕುಷ್ಟಗಿಗೆ ಬಂದ ಹೊಸದರಲ್ಲಿ ನೆಗಡಿಗೆ ಕಷಾಯ ಕುಡಿದು ಹೀಗೆ ನಿಂತದ್ದನ್ನು ನಮ್ಮ ಅತ್ತೆ ನೋಡಿದರು. ಮರುದಿನ ನನ್ನ ತೋಳಿಗೊಂದು ತಾಯತ ಬಂತು. ಇದು ವಿಡಿಯೋ ಗೇಮಿನಿಂದ ಬಂದ ಚಾಳಿ ಎಂದು ಬಾಯಿಬಿಟ್ಟಿದ್ದರೆ ಇನ್ನೊಂದು ತಾಯತ ಬರುತ್ತಿತ್ತೇನೋ.

ಹೌದು, ವಿಡಿಯೋ ಗೇಮು. ನಗುವವರು ಈಗಲೇ ನಕ್ಕುಬಿಡಿ. ಕಾಲೇಜಿನಲ್ಲಿ ಕಾಮರ್ಸ್ ಹೇಳುವ, ಬಾಚಣಿಗೆಗೆ ಆಗೊಮ್ಮೆ ಈಗೊಮ್ಮೆ ಬಿಳಿಕೂದಲು ಸಿಗುವ ವಯಸ್ಸಿನ ಹೆಂಗಸು ನಾನು. ನನಗೆ ಇಷ್ಟವಾದ ಕೆಲಸವೆಂದರೆ ಮನೆಯಷ್ಟು ದೊಡ್ಡ ರಾಕ್ಷಸ ಪ್ರಾಣಿಗಳನ್ನು ಬೆನ್ನಟ್ಟಿ ಬೇಟೆಯಾಡುವುದು. ಆ ಆಟದ ಹಳೆಯ ಕಾಲದಲ್ಲಿ ಪೆಟ್ಟು ತಿಂದ ಬೇಟೆಗಾರ ಹಸಿರು ಔಷಧಿ ಕುಡಿಯಬೇಕಿತ್ತು. ಕುಡಿಯುವಾಗ ನಡೆಯುವಂತಿಲ್ಲ. ಕುಡಿದಾದ ಮೇಲೆ ಪುಣ್ಯಾತ್ಮ ಎರಡೂ ಕೈ ಮಡಚಿ, ಈಗ ಛಲೋ ಆತು ಎನ್ನುವಂತೆ ನಿಂತುಬಿಡುತ್ತಿದ್ದ. ನೀವು ಯಾವ ಗುಂಡಿ ಒತ್ತಿದರೂ ಅಷ್ಟು ಹೊತ್ತು ಅಲುಗುತ್ತಿರಲಿಲ್ಲ. ಪ್ರಾಣಿ ಬಂದು ಮೇಲೆ ಬೀಳುವುದು ಸರಿಯಾಗಿ ಆಗಲೇ. ಆ ಒಂದು ಕ್ಷಣದಲ್ಲಿ ನಿಮ್ಮನ್ನು ಉಳಿಸಬೇಕಾದರೆ ಇನ್ನೊಬ್ಬರು ಬೇಕಿತ್ತು. ಪ್ರಾಣಿಯ ಕಾಲಿಗೆ ಎರಡೇಟು ಹಾಕಿ ಅದರ ಸಿಟ್ಟನ್ನು ತಮ್ಮ ಮೇಲೆ ಎಳೆದುಕೊಳ್ಳುವವರು ಬೇಕಿತ್ತು. ನನಗೆ ಹಾಗಿದ್ದವನು ನನ್ನ ತಮ್ಮ ಬಸು.

ಶ್ರೀರಾಮನಗರದಲ್ಲಿ ನಮ್ಮ ಮನೆ. ಕಾಲುವೆ ನೀರಿನ ಊರು, ಎತ್ತ ನೋಡಿದರೂ ನೆಲ್ಲು. ಬಸು ಗಂಗಾವತಿಯ ಮೊಬೈಲ್ ರಿಪೇರಿ ಅಂಗಡಿಯೊಂದರಿಂದ, ಕೈಯಲ್ಲಿ ಹಿಡಿದು ಆಡುವಂಥ ಎರಡು ಹಳೆಯ ಆಟದ ಪೆಟ್ಟಿಗೆಗಳನ್ನು ತಂದಿದ್ದ. ಎರಡನ್ನೂ ಒಂದೇ ಕೋಣೆಯಲ್ಲಿಟ್ಟುಕೊಂಡು ಕೂತರೆ ಮಾತ್ರ ಇಬ್ಬರೂ ಕೂಡಿ ಬೇಟೆಗೆ ಹೋಗಬಹುದಿತ್ತು. ಒಬ್ಬರು ನೀರು ಕುಡಿಯಲೆಂದು ಅಡುಗೆಮನೆಗೆ ಹೋದರೂ ಜೋಡಿ ಕಡಿದುಹೋಗುತ್ತಿತ್ತು. ನನ್ನ ಪೆಟ್ಟಿಗೆಯ ಚಾರ್ಜರು ಕೂಡುವ ಜಾಗ ಸಡಿಲು. ರಬ್ಬರ್ ಬ್ಯಾಂಡು ಸುತ್ತಿ, ಓರೆಯಾಗಿ ಹಿಡಿದೇ ಆಡಬೇಕು. ಕರೆಂಟು ಹೋದರೆ ಪಕ್ಕದ ರೈಸ್ ಮಿಲ್ಲಿಗೆ ಓಡುತ್ತಿದ್ದೆವು. ಅಲ್ಲಿ ಜನರೇಟರ್ ಇತ್ತು. ಚೀಲದ ನಿಟ್ಟಿನ ಮೇಲೆ ಕೂತು ಆಡಿ ಮನೆಗೆ ಬಂದರೆ ತಲೆ, ಹುಬ್ಬು, ಕಿವಿಯ ಸಂದಿ ಎಲ್ಲ ತೌಡು. ಅವ್ವ ನಮ್ಮನ್ನು ಹೊರಗೇ ನಿಲ್ಲಿಸಿ ಸೀರೆಯ ಸೆರಗಿನಿಂದ ಝಾಡಿಸಿ ಒಳಗೆ ಬಿಡುತ್ತಿದ್ದಳು.

ಅಂಗಡಿಯವನು ಕೊಟ್ಟ ಆಟ ಜಪಾನಿ ಭಾಷೆಯದು. ಒಂದಕ್ಷರ ತಿಳಿಯದು. ಮೇಲಿನಿಂದ ಎಷ್ಟನೆಯ ಸಾಲು ಒತ್ತಿದರೆ ಏನಾಗುತ್ತದೆ ಎಂಬುದನ್ನು ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಮಾಡಿದೆವು. ಬಹಳ ದಿನ ವಿಷದ ಅಣಬೆಯನ್ನೇ ಔಷಧಿಯೆಂದು ತಿಂದು, ಈ ಆಟದಲ್ಲಿ ಔಷಧಿ ತಿಂದರೆ ಜೀವ ಯಾಕೆ ಕಡಿಮೆಯಾಗುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದೆವು. ಪ್ರಾಣಿಗಳ ಹೆಸರೂ ಗೊತ್ತಿಲ್ಲ, ನಾವೇ ಇಟ್ಟುಕೊಂಡೆವು. ನಮ್ಮ ಸಾಮಾನು ಕಿತ್ತುಕೊಂಡು ಓಡುವ ಹಕ್ಕಿಗೆ ಕಂಡಕ್ಟರ್, ಯಾಕೆಂದರೆ ಚಿಲ್ಲರೆ ವಾಪಸ್ ಕೊಡುತ್ತಿರಲಿಲ್ಲ. ಒದರಿದರೆ ಎಲ್ಲರೂ ಕಿವಿ ಮುಚ್ಚಿಕೊಂಡು ನಿಲ್ಲಬೇಕಾದ ಹಲ್ಲಿಗೆ ಹೆಡ್‌ಮಾಸ್ತರ್. ಪ್ರಾಣಿ ತಪ್ಪಿಸಿಕೊಂಡು ಹೋಗದಂತೆ ಅದಕ್ಕೆ ಬಣ್ಣದ ಉಂಡೆ ಎಸೆಯಬೇಕಿತ್ತು, ಅದು ಗುಲಾಲು. ಗುಲಾಲು ಮರೆತು ಹೋದೆವೋ, ಕಾಡೆಲ್ಲ ಸುತ್ತಿ ಸುಸ್ತಾಗಿ, ಹೊತ್ತು ಮೀರಿ, ಬರಿಗೈಯಲ್ಲಿ ವಾಪಸ್.

ಮರುಭೂಮಿಗೆ ಹೋಗುವಾಗ ತಂಪು ಪಾನಕ ಕಟ್ಟಿಕೊಳ್ಳದಿದ್ದರೆ ಬಿಸಿಲಿಗೇ ಜೀವ ಕರಗುತ್ತಿತ್ತು. ಇದು ಮಾತ್ರ ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇ ತಿಂಗಳಲ್ಲಿ ಗಂಗಾವತಿಗೆ ಹೊರಟರೆ ಅವ್ವ ಇಬ್ಬರ ಕಿಸೆಗೂ ಒಂದೊಂದು ಉಳ್ಳಾಗಡ್ಡಿ ಹಾಕಿ ಕಳಿಸುತ್ತಿದ್ದಳು, ಬಿಸಿಲು ಹತ್ತಬಾರದೆಂದು. ಪರೀಕ್ಷೆ ಬರೆಯುವಾಗಲೂ ನನ್ನ ಚೀಲದಲ್ಲಿ ಉಳ್ಳಾಗಡ್ಡಿ ಇರುತ್ತಿತ್ತು. ಅದರ ವಾಸನೆಗೆ ಮುಂದಿನ ಬೆಂಚಿನವಳು ತಿರುಗಿ ತಿರುಗಿ ನೋಡುತ್ತಿದ್ದಳು.

ಅವ್ವನ ತವರು ಮಂಗಳೂರು, ಕಡಲ ದಂಡೆಯದಲ್ಲ, ನಮ್ಮ ಯಲಬುರ್ಗಾ ಕಡೆಯದು. ಮಳೆ ನಂಬಿದ ಎರೆಹೊಲಗಳ ಊರು. ನಾವಿಬ್ಬರೂ ಆಡುವಾಗ ಅವಳು ಬಾಗಿಲ ಬಳಿ ಕೂತು ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದಳು. ಒಮ್ಮೆ ನಾವು ಜಗಳಕ್ಕೆ ಬಿದ್ದೆವು. ಬಸುನ ಕತ್ತಿಗೆ ಕಂಡಕ್ಟರನ ಕೊಕ್ಕು ಬೇಕು, ನನ್ನ ಬಿಲ್ಲಿಗೆ ಹೆಡ್‌ಮಾಸ್ತರನ ಬಾಲ ಬೇಕು, ಯಾವುದು ಮೊದಲು ಎಂದು. ನಿನ್ನೆ ನಾನು ನಿನಗೆ ಬಂದಿದ್ದೆ, ಇವತ್ತು ನೀನು ನನಗೆ ಬಾ ಎಂದು ನಾನು ಪಟ್ಟು ಹಿಡಿದೆ. ಅವ್ವ ಮೊರ ಕೆಳಗಿಟ್ಟು ಕೇಳಿದಳು, "ಅಲ್ಲ ನೀಲವ್ವ, ಇದು ನಮ್ಮೂರಾಗಿನ ಮುಯ್ಯಾಳ ಇದ್ದಂಗ ಐತೆಲ್ಲ?"

ಮುಯ್ಯಾಳು ಎಂದರೇನೆಂದು ಕಾಲುವೆಯ ಊರಲ್ಲಿ ಬೆಳೆದ ನಮಗೆ ಗೊತ್ತಿರಲಿಲ್ಲ. ನಮ್ಮಲ್ಲಿ ನಾಟಿಗೆ ಗುತ್ತಿಗೆಯ ಗುಂಪು, ಕೊಯ್ಲಿಗೆ ಯಂತ್ರ. ಅವ್ವನ ಊರಲ್ಲಿ ಹಾಗಲ್ಲ. ಇವತ್ತು ನೀನು ನಮ್ಮ ಹೊಲದ ಕಳೆಗೆ ಬಂದರೆ ನಾಳೆ ನಾನು ನಿಮ್ಮ ಹೊಲದ ಕಳೆಗೆ. ಬಂದವರಿಗೆ ಕೂಲಿಯಿಲ್ಲ, ಊಟ ಉಂಟು. ಬಂದ ಮೈಗೆ ಮೈಯೇ ಹೋಗಬೇಕು, ಕೂಲಿಯ ಆಳನ್ನು ಬದಲಿಗೆ ಕಳಿಸಿದರೆ ಅದು ಮುಖಕ್ಕೆ ಹೊಡೆದ ಹಾಗೆ. ಇನ್ನೊಂದು ಮಾತನ್ನೂ ಅವ್ವ ಹೇಳಿದಳು. ಮುಯ್ಯಾಳು ಬರುತ್ತೇನೆಂದ ದಿನ ಅವರು ಹೊಲದ ಬದುವಿಗೆ ಬಂದು ನಿಲ್ಲುವ ತನಕ ಹೊಲದವರು ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಬರುವುದರೊಳಗೆ ಸಾಲು ಹಿಡಿದಿದ್ದರೆ ಬಂದವರು ಒಂದು ಮಾತೂ ಆಡದೆ ಬದುವಿನಿಂದಲೇ ತಿರುಗಿ ಹೋಗುತ್ತಾರಂತೆ. ನೀವು ಬೇಕಾಗಿಲ್ಲ ಎಂದು ಹೇಳಿದ ಹಾಗೆ ಅದು. ಹಾಗೆ ಹೋದ ಗೆಳತಿಯೊಬ್ಬಳು ಮುಂದೆ ಅವ್ವನ ಮದುವೆಗೂ ಬರಲಿಲ್ಲವಂತೆ. ಅಂದಿನಿಂದ ನಮ್ಮ ಬೇಟೆಗೂ ಅದೇ ಕಾನೂನಾಯಿತು. ಇನ್ನೊಬ್ಬರು ಬಂದು ನಿಲ್ಲುವ ತನಕ ಯಾರೂ ಪ್ರಾಣಿಯನ್ನು ಮುಟ್ಟುವಂತಿಲ್ಲ.

ನಮ್ಮ ಕೈಗೆ ಸಿಗದೆ ಹೋದವನು ಒಬ್ಬನೇ. ಆಟದ ಕಟ್ಟಕಡೆಗೆ ಬರುವ, ಕಲ್ಲುಬಂಡೆಯಂಥ ಮೈಯ, ಒಂದೇ ಕೋಡಿನ ಕರಿಪ್ರಾಣಿ. ಎಷ್ಟು ಹೊಡೆದರೂ, ಬಡ್ಡಿ ವಸೂಲಿಗೆ ಬಂದು ಕೂತವನ ಹಾಗೆ, ಜಾಗ ಬಿಟ್ಟು ಕದಲುತ್ತಿರಲಿಲ್ಲ. ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟಿದ್ದೆವು. ಇಬ್ಬರೂ ಸೇರಿ ಮೂರು ಸಲ ಬಿದ್ದರೆ ಬೇಟೆ ಮುಗಿಯಿತು. ನಾನು ಎರಡು ಸಲ ಬೀಳುತ್ತಿದ್ದೆ, ಬಸು ಒಂದು ಸಲ. ಬೀಳದೆ ಉಳಿದ ದಿನ ಬ್ಯಾಟರಿ ಬೀಳುತ್ತಿತ್ತು. ನನಗೆ ಅರಿಷಿಣ ಹಚ್ಚಿದ ದಿನ ಮಧ್ಯಾಹ್ನ, ಮನೆ ತುಂಬ ನೆಂಟರಿರುವಾಗ, ನಾವಿಬ್ಬರೂ ಜೋಳದ ಚೀಲದ ಮರೆಯಲ್ಲಿ ಕೂತು ಕೊನೆಯ ಸಲ ಅವನನ್ನು ಹೊಡೆಯಲು ನೋಡಿದೆವು. ಕೈಯ ಅರಿಷಿಣ ಗುಂಡಿಗಳಿಗೆಲ್ಲ ಹತ್ತಿತು. ಸೋತೆವು. ನಾನು ಅತ್ತುಬಿಟ್ಟೆ. ಸಾವ್ಕಾರನಿಗಾಗಿ ಅತ್ತೆನೋ ಕುಷ್ಟಗಿಗೆ ಹೋಗಬೇಕಲ್ಲ ಎಂದು ಅತ್ತೆನೋ, ಈಗ ಹೇಳಲಾರೆ. ಬಸು ಅಂದ, "ಇರಲಿ ಬಿಡಕ್ಕಾ. ಇಂವನ್ನ ಇಬ್ರೂ ಕೂಡೇ ಹೊಡಿಯೂದು. ನೀ ಬರೂಮಟ ನಾ ಮುಟ್ಟೂದಿಲ್ಲ." ನಾನೂ ಹಾಗೇ ಮಾತು ಕೊಟ್ಟೆ.

ಆಮೇಲೆ ಪೆಟ್ಟಿಗೆಗಳು ಕೆಟ್ಟವು. ಆಟದ ಹೊಸ ಹೊಸ ಭಾಗಗಳು ಬಂದವು, ಟಿವಿಗೆ ಜೋಡಿಸಿ ಇಂಟರ್ನೆಟ್ಟಿನಲ್ಲಿ ಆಡುವ ಕಾಲ ಬಂತು. ಅವನು ಶ್ರೀರಾಮನಗರದಲ್ಲಿ, ನಾನು ಕುಷ್ಟಗಿಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೇಟೆ. ಆಟದಲ್ಲಿ ಅವನ ಹೆಸರು ಸೋನಾಮಸೂರಿ, ನನ್ನದು ಬಿಳಿಜೋಳ. ಅವ್ವನ ಮೊಣಕಾಲು ನೋವು, ಕಾಲುವೆಗೆ ನೀರು ಬಿಟ್ಟದ್ದು, ಎಮ್ಮೆ ಈದದ್ದು, ಎಲ್ಲ ಸುದ್ದಿಯೂ ನನಗೆ ತಲುಪುತ್ತಿದ್ದದ್ದು ಯಾವುದೋ ಪ್ರಾಣಿಯ ಬಾಲದ ಹಿಂದೆ ಓಡುವಾಗಲೇ. ಎದುರಾಬದುರು ಕೂತರೆ ನಮಗೆ ಮಾತು ಹೊರಡುವುದಿಲ್ಲ. ಕೈಗೆ ಕೆಲಸ ಇದ್ದಾಗ ಬಾಯಿ ಬಿಚ್ಚುತ್ತದೆ. ಕಳೆ ತೆಗೆಯುವ ಹೆಂಗಸರೂ ಹಾಗೇ ಅಲ್ಲವೇ?

ಅಪ್ಪ ತೀರಿಕೊಂಡ. ಕೆಲವು ತಿಂಗಳ ಮೇಲೆ ವಕೀಲರ ಗುಮಾಸ್ತರೊಬ್ಬರು ನಮ್ಮ ಮನೆಗೆ ಬಂದು, ಹೊಲದಲ್ಲಿ ನನ್ನ ಪಾಲು ಬೇಡವೆನ್ನುವ ಕಾಗದ ಮುಂದಿಟ್ಟು, ಇಲ್ಲೊಂದು, ಇಲ್ಲೊಂದು ಸಹಿ ಮಾಡ್ರಿ ಮೇಡಮ್ಮಾರ ಎಂದರು. ಹೊಲ ನನಗೆ ಬೇಕೋ ಬೇಡವೋ ಅದು ಬೇರೆ ಮಾತು. ನಮ್ಮ ತಮ್ಮ ಬಂದು, ನಮ್ಮ ಮನೆಯಲ್ಲಿ ಒಂದು ತುತ್ತು ಉಂಡು, ತಾನೇ ಬಾಯಿಬಿಟ್ಟು ಕೇಳಲಿ ಎಂದು ಹೇಳಿ ಕಳಿಸಿದೆ. ಅವನು ಬರಲಿಲ್ಲ. ಅಕ್ಕ ಹೊಲಕ್ಕೆ ಕಣ್ಣು ಹಾಕಿದ್ದಾಳೆ ಎಂದು ಯಾರೋ ಅವನ ಕಿವಿ ಊದಿದರಂತೆ. ಊದುವವರು ಎಲ್ಲ ಊರಲ್ಲೂ ಇರುತ್ತಾರೆ, ಕಿವಿ ಕೊಟ್ಟವನು ಅವನು. ನಾನು ಸಹಿ ಮಾಡಲಿಲ್ಲ. ಇವತ್ತಿಗೂ ಮಾಡಿಲ್ಲ. ಅವನು ಬಂದು ಕೇಳದ ಹೊರತು ಮಾಡುವುದೂ ಇಲ್ಲ. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿದೆ. ಪಂಚಮಿಗೆ ಕರೆಯಲು ಬರುತ್ತಿದ್ದವನು ಈಗ ವಾಟ್ಸಾಪಿನಲ್ಲಿ ನಾಗಪ್ಪನ ಚಿತ್ರ ಕಳಿಸುತ್ತಾನೆ, ಅದೂ ನೆಂಟರೆಲ್ಲ ಇರುವ ಗುಂಪಿಗೆ.

ಹೀಗಿರುವಾಗ ಆಟದ ಹೊಸ ಭಾಗ ಬಂತು. ತಂದು ಹಾಕಿದೆ. ಹಾಕಿದ ಮೊದಲ ದಿನವೇ ನನಗೆ ಉರಿಯಿತು. ಬೇಟೆಗಾರ ನಡೆಯುತ್ತಲೇ ಔಷಧಿ ಕುಡಿಯುತ್ತಾನೆ, ಕೈ ಮಡಚುವ ಮಾತೇ ಇಲ್ಲ. ಗುಲಾಲು ಬೇಡ. ಕೂರಲು ಒಂದು ಸವಾರಿ ಪ್ರಾಣಿ ಕೊಟ್ಟಿದ್ದಾರೆ, ಅದು ತಾನೇ ದಾರಿ ಹಿಡಿದು ಬೇಟೆಯ ಮುಂದೆ ಇಳಿಸುತ್ತದೆ. ನೀವು ಮಗ್ಗುಲು ತಿರುಗಿ ಮಲಗಿದರೂ ಅದಕ್ಕೆ ದಾರಿ ತಪ್ಪದು. ಬಿದ್ದರೆ ಅದೇ ಬಂದು ಎತ್ತಿಕೊಳ್ಳುತ್ತದೆ. ಎಲ್ಲಿ ಹೊಡೆಯಬೇಕೋ ಆ ಜಾಗ ಕೆಂಪಗೆ ಹೊಳೆಯುತ್ತದೆ. ಮರುಭೂಮಿಯಲ್ಲಿ ಮೈಗೆ ಬಿಸಿಲು ಕೂಡ ಹತ್ತುವುದಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಬಿಸಿಲನ್ನು ಒಂದು ಸಲ ಆ ಆಟ ಮಾಡಿದವರಿಗೆ ತೋರಿಸಬೇಕು. ಎಲ್ಲಕ್ಕಿಂತ ನನಗೆ ಸೇರದ್ದು ಜತೆಗಾರರು. ಸಹಾಯ ಬೇಕೆಂದು ಆಕಾಶಕ್ಕೆ ಒಂದು ಬೆಳಕಿನ ಬಾಣ ಬಿಟ್ಟರೆ, ಎಲ್ಲಿಂದಲೋ ಆಡುತ್ತಿರುವ ಮನುಷ್ಯರು ಬರುವುದಕ್ಕೆ ಮೊದಲೇ ಆಟದವೇ ಆದ ಗೊಂಬೆ ಬೇಟೆಗಾರರು ಓಡಿ ಬರುತ್ತವೆ. ಅವಕ್ಕೆ ಮುಯ್ಯಿ ತೀರಿಸಬೇಕಾಗಿಲ್ಲ. ಊಟ ಹಾಕಬೇಕಾಗಿಲ್ಲ. ಅವಕ್ಕೆ ಮೊಣಕಾಲು ನೋಯುವ ತಾಯಿಯೂ ಇಲ್ಲ.

ನಮ್ಮ ಸ್ಟಾಫ್ ರೂಮಿನಲ್ಲಿ ಫಿಜಿಕ್ಸ್ ಹೇಳುವವರೊಬ್ಬರು ಇದೇ ಆಟ ಆಡುತ್ತಾರೆ. ನಾನು ಗೊಣಗಿದರೆ ನಗುತ್ತಾರೆ. ಎಲ್ಲರಿಗೂ ಎಲ್ಲಿದೆ ಪುರಸೊತ್ತು, ಸುಲಭವಾದರೆ ನಾಲ್ಕು ಜನ ಹೆಚ್ಚು ಆಡುತ್ತಾರೆ, ಕಷ್ಟಪಡುವುದೇ ದೊಡ್ಡತನವಾದರೆ ನೀವು ಬೀಸುಕಲ್ಲು ತಿರುವಬೇಕಿತ್ತು ಮೇಡಂ ಎನ್ನುತ್ತಾರೆ. ಅವರು ಹೇಳುವುದೂ ಸರಿಯೇ. ಯಾಕೆಂದರೆ ನಾನು ಗರಿಗರಿ ಕಟಕ ರೊಟ್ಟಿಯನ್ನು ಖಾನಾವಳಿಯಿಂದ ಕಟ್ಟುಗಟ್ಟಲೆ ತರುವವಳು. ರೊಟ್ಟಿ ಬಡಿದು ಅಂಗೈ ಕೆಂಪಾದದ್ದು ಯಾವ ಕಾಲದಲ್ಲೋ. ಬಟ್ಟೆ ಯಂತ್ರಕ್ಕೆ, ಚಟ್ನಿ ಮಿಕ್ಸಿಗೆ, ಮಕ್ಕಳ ಅಂಕಪಟ್ಟಿ ಕಂಪ್ಯೂಟರಿಗೆ. ಕಷ್ಟದ ಪರವಾಗಿ ಭಾಷಣ ಮಾಡುವ ಮುಖವೇ ಇಲ್ಲ ನನಗೆ. ಆದರೂ ಒಳಗೆ ಒಂದು ಸಿಟ್ಟು ಇಳಿಯುವುದಿಲ್ಲ. ರೊಟ್ಟಿ ಸುಲಭವಾದರೆ ಹೊಟ್ಟೆ ತುಂಬುತ್ತದೆ. ಈ ಆಟದಲ್ಲಿ ಯಾರದಾದರೂ ಹೊಟ್ಟೆ ತುಂಬಬೇಕಿತ್ತೇ? ಅದರಲ್ಲಿದ್ದ ಹಿಟ್ಟೆಲ್ಲ ಕಷ್ಟವೇ ಆಗಿತ್ತು.

ಕಳೆದ ತಿಂಗಳು ಸಾವ್ಕಾರ ವಾಪಸ್ ಬಂದ. ಹಳೆಯ ಪ್ರಾಣಿಗಳನ್ನು ಹೊಸ ಆಟಕ್ಕೆ ಒಂದೊಂದಾಗಿ ಸೇರಿಸುತ್ತಾರೆ, ಅದರಲ್ಲಿ ಅವನೂ ಬಂದ. ಅದೇ ಕರಿಮೈ, ಅದೇ ಒಂದೇ ಕೋಡು. ಬೇರೆ ಎಲ್ಲವನ್ನೂ ಎಷ್ಟು ಸಲೀಸು ಮಾಡಿದ್ದರೂ ಇವನನ್ನು ಹಾಗೆ ಮಾಡಿರಲಾರರು ಎನಿಸಿತು. ಇವನು ನನ್ನನ್ನು ಸೋಲಿಸುತ್ತಾನೆ. ಸೋತರೆ ಬಸುನನ್ನು ಕರೆಯಲು ನನಗೊಂದು ನೆವ ಸಿಗುತ್ತದೆ. ಹೊಲದ ಮಾತಿಲ್ಲ, ಸಹಿಯ ಮಾತಿಲ್ಲ, ಯಾರು ಮೊದಲು ತಲೆ ಬಾಗಿದರು ಎಂಬ ಮಾತಿಲ್ಲ. ಸಾವ್ಕಾರ ಬಂದಾನ, ನೀ ಬಾ. ಇಷ್ಟೇ. ಅಕ್ಕ ತಮ್ಮನ ನಡುವೆ ಉಳಿದಿದ್ದ ದಾರಿ ಅದೊಂದೇ ಎಂದು ನನಗೆ ಖಾತ್ರಿಯಾಗಿ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ. ಊಟವಾಗಿ ನಮ್ಮ ಯಜಮಾನರು ಮಲಗಿದ್ದರು. ಆಟ ಹಚ್ಚಿದೆ. ಗೆಳೆಯರ ಪಟ್ಟಿಯಲ್ಲಿ ಸೋನಾಮಸೂರಿಯ ಪಕ್ಕ ಹಸಿರು ಚುಕ್ಕೆ. ಅವನೂ ಆಡುತ್ತಿದ್ದಾನೆ. ಒಬ್ಬರನ್ನೊಬ್ಬರು ಆ ಪಟ್ಟಿಯಿಂದ ತೆಗೆದಿರಲಿಲ್ಲ, ಅಷ್ಟು ಮಾತ್ರ ಇಬ್ಬರಿಗೂ ಮನಸ್ಸಾಗಿರಲಿಲ್ಲ. ನಾನು ಸಾವ್ಕಾರನ ಬಳಿ ಹೋದೆ, ಹತ್ತಿರ ಹೋಗದೆ ಒಂದು ಬಂಡೆಯ ಹಿಂದೆ ನಿಂತೆ, ಸಹಾಯದ ಬೆಳಕಿನ ಬಾಣ ಬಿಟ್ಟೆ. ಬಿಳಿಜೋಳ ಸಹಾಯ ಕೇಳುತ್ತಿದ್ದಾಳೆಂದು ಅವನ ಪರದೆಯ ಮೇಲೆ ಬರುತ್ತದೆ. ಯಾರ ಎದುರಿಗೆ ಎಂಬುದೂ ಬರುತ್ತದೆ. ಬಿಲ್ಲನ್ನು ಬೆನ್ನಿಗೇರಿಸಿ ಕಾದೆ. ಮುಯ್ಯಾಳು ಬರುವ ತನಕ ಸಾಲು ಹಿಡಿಯುವಂತಿಲ್ಲ.

ಗೊಂಬೆಗಳು ಬಂದವು. ಬಾಣದ ಬೆಳಕು ಆರುವುದರೊಳಗೆ ಬಂದವು. ಇವುಗಳಿಗೆ ಬದುವೂ ಗೊತ್ತಿಲ್ಲ, ಸಾಲೂ ಗೊತ್ತಿಲ್ಲ, ಸೀದಾ ಹೋಗಿ ಸಾವ್ಕಾರನ ಕಾಲಿಗೆ ಏಟು ಹಾಕತೊಡಗಿದವು. ನಾನು ನಿಲ್ಲಿಸಲು ನೋಡಿದೆ, ನಿಲ್ಲಿಸುವ ಗುಂಡಿ ಹುಡುಕಿದೆ, ಸಿಗಲಿಲ್ಲ. ಅವನು ತಿರುಗಿ ನನ್ನ ಮೇಲೆ ಬಂದ. ಬರಲಿ, ಕೆಡವಲಿ, ಮೂರು ಸಲ ಕೆಡವಿ ಬೇಟೆ ಮುಗಿಸಲಿ ಎಂದು ಸುಮ್ಮನೆ ನಿಂತೆ. ಬಿದ್ದೆ. ಸವಾರಿ ಪ್ರಾಣಿ ಓಡಿ ಬಂದು ಎತ್ತಿಕೊಂಡಿತು. ಒಂದು ಗೊಂಬೆ ಕೊಳಲಿನಂಥದ್ದು ಊದಿ ನನ್ನ ಜೀವ ತುಂಬಿತು. ಸಾಯಲಿಕ್ಕೂ ಬಿಡಲಿಲ್ಲ. ನಾನು ಒಂದೇಟೂ ಹೊಡೆಯಲಿಲ್ಲ. ನೋಡನೋಡುತ್ತ ಸಾವ್ಕಾರ ಮುಂಗಾಲು ಮಡಚಿ, ಕೋಡು ಮರಳಿಗೆ ಹೂತು, ಸತ್ತುಹೋದ. ಹದಿಹರೆಯವನ್ನೆಲ್ಲ ನುಂಗಿದ ಪ್ರಾಣಿ ಒಂದು ಚಹಾ ಕುದಿಯುವಷ್ಟು ಹೊತ್ತೂ ತಡೆಯಲಿಲ್ಲ. ಪರದೆಯ ತುಂಬ ಬಂಗಾರದ ಅಕ್ಷರದಲ್ಲಿ ನನ್ನ ಗೆಲುವು ಬಂತು. ಅದೇ ಹೊತ್ತಿಗೆ ಕೆಳಗಿನ ಮೂಲೆಯಲ್ಲಿ, ಸೋನಾಮಸೂರಿ ಸೇರುತ್ತಿದ್ದಾರೆ ಎಂದು ಸಣ್ಣಕ್ಷರ ಬಂತು. ಅದರ ಹಿಂದೆಯೇ, ಬೇಟೆ ಮುಗಿದಿದೆ, ಸೇರಲಾಗದು ಎಂದು ಬಂತು.

ಟಿವಿ ಹಾಗೇ ಉರಿಯುತ್ತಿತ್ತು. ಫೋನು ರಿಂಗಾಯಿತು, ಬಸು. ಸಹಿಯ ಕಾಗದ ಬಂದ ಮೇಲೆ ಆ ಹೆಸರು ನನ್ನ ಫೋನಿನಲ್ಲಿ ಬಂದಿರಲಿಲ್ಲ.

"ಅಕ್ಕಾ, ಸಾವ್ಕಾರನ್ನ ಹೊಡದ್ಯಾ?"

"ನಾ ಹೊಡಿಲಿಲ್ಲೋ ಬಸು. ಆಟದಾಗಿನ ಗೊಂಬಿ ಬಂದು ಹೊಡದುವು."

"ನಾ ಬರಾಕತ್ತಿದ್ದೆ."

"ಗೊತ್ತಾತು. ಕಾಣಿಸ್ತು."

"ಮತ್ತ ಕಾಯಬೇಕಿತ್ತಿಲ್ಲ."

"ಕಾದ್ನೆಪಾ. ಬಿಲ್ಲ ಸೈತ ಹಿಡಿಲಿಲ್ಲ ನಾ. ಅವು ಕಾಯಲಿಲ್ಲ."

ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ. ಆ ಕಡೆ ಅವ್ವ ಯಾರದು ಫೋನು ಎಂದು ಕೇಳಿದ್ದು ಕೇಳಿಸಿತು. ಮನೆಗೆ ಬಾ, ಇನ್ನೊಂದು ಸಲ ಕೂಡಿ ಹೊಡೆಯೋಣ ಎನ್ನಬೇಕೆಂದು ನನ್ನ ಬಾಯಿಗೆ ಬಂತು. ಆದರೆ ಒಮ್ಮೆ ಸತ್ತ ಸಾವ್ಕಾರನನ್ನು ಹೊಡೆಯಲು ಮತ್ತೆ ಕರೆದರೆ ಯಾರು ಬರುತ್ತಾರೆ?

"ಭಾಳ ಸಲೀಸ ಆಗೈತಿ ಬಿಡಕ್ಕಾ ಈಗ," ಅಂದ. "ಯಾರೂ ಬೇಕಾಗಿಲ್ಲ."

"ಹೂಂ," ಅಂದೆ. ಫೋನಿಟ್ಟ.

ಅವನು ಆಡಿದ್ದು ಆಟದ ಮಾತೋ, ಸಹಿಯ ಕಾಗದದ ಮಾತೋ ಎಂದು ನಾನು ಕೇಳಲಿಲ್ಲ. ಪಟ್ಟಿಯಲ್ಲಿ ಹಸಿರು ಚುಕ್ಕೆ ಆರಿತು. ಬದುವಿನಿಂದಲೇ ತಿರುಗಿ ಹೋದವರು ಒಂದು ಮಾತೂ ಆಡುವುದಿಲ್ಲ ಎಂದು ಅವ್ವ ಹೇಳಿದ್ದಳು. ನನ್ನ ತಮ್ಮ ಒಂದು ಮಾತು ಆಡಿಹೋದ, ಅಷ್ಟೇ ವ್ಯತ್ಯಾಸ.

ಮರುದಿನ ಬೆಳಿಗ್ಗೆ ಮಾತ್ರೆ ನುಂಗಿದೆ, ನೀರು ಕುಡಿದೆ. ಕೈ ಮಡಚಿಕೊಂಡವು. ಬಹಳ ಹೊತ್ತು ಹಾಗೇ ನಿಂತೆ. ಯಾವುದೂ ಬಂದು ಮೇಲೆ ಬೀಳಲಿಲ್ಲ, ಯಾರೂ ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳಬೇಕಾಗಲಿಲ್ಲ. ತಂಬಿಗೆ ತೊಳೆದಿಟ್ಟು ಕಾಲೇಜಿಗೆ ಹೊರಟೆ.